ಲಾಭ ಪಂಚಮಿಯ ಒಂದೊಂದು ತಾಕಾ

೨೦೨೩ರಲ್ಲಿ ನಾನು ವಡೋದರಾದ ಆಲ್ಕಾಪುರಿಯಲ್ಲಿ, ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಶಾಖೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ಹೀಗೆ ಬರೆಯಲು ಈಗಲೂ ಸ್ವಲ್ಪ ಸಂಕೋಚ. ಅದಕ್ಕೆ ಮುಂಚೆ ಬಹುಕಾಲ ಮನೆಯಲ್ಲೇ ಇದ್ದವಳು ನಾನು. ಈಗ ಮತ್ತೆ ಮನೆಯಲ್ಲೇ ಇದ್ದೇನೆ. ನಮ್ಮವರಿಗೆ ವಿಮಾ ಕಂಪನಿಯಲ್ಲಿ ಕೆಲಸ, ಮೈಸೂರಿನಿಂದ ಗುಜರಾತಿಗೆ ವರ್ಗವಾಗಿ ಬಂದೆವು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತಿದ್ದಿ ಕಲಿಸಿದ್ದ ಇಂಗ್ಲಿಷನ್ನು ನಂಬಿ ಕಂಪನಿಯವರು ಮೊದಲು ನನ್ನನ್ನು ಸಾಫ್ಟ್‌ವೇರ್ ಬಳಸುವ ಕೈಪಿಡಿ ಬರೆಯಲು ಕರೆದರು. ಗಿರಾಕಿ ಹೇಳುವುದೊಂದು, ಎಂಜಿನಿಯರ್ ಕೇಳಿಸಿಕೊಳ್ಳುವುದೊಂದು ಆಗುತ್ತಿದ್ದಾಗ ನಡುವೆ ಕೂತು ಇಬ್ಬರಿಗೂ ಬಿಡಿಸಿ ಹೇಳುತ್ತಿದ್ದೆ. ಹಾಗೆ ಹೇಳುತ್ತ ಹೇಳುತ್ತ ಆ ಹುದ್ದೆ ನನ್ನದಾಯಿತು.

ಕಂಪನಿಯ ಮುಖ್ಯ ಕಚೇರಿ ಅಹಮದಾಬಾದಿನ ನವರಂಗಪುರದಲ್ಲಿ. ನಾವು ಮಾಡುತ್ತಿದ್ದದ್ದು ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳಿಗೆ ಬೇಕಾದ ಶೆಡ್ಯೂಲಿಂಗ್ ವ್ಯವಸ್ಥೆ. ಯಾವ ವ್ಯಾಪಾರಿಯ ಬಟ್ಟೆ ಯಾವ ಯಂತ್ರಕ್ಕೆ, ಯಾವ ಬಣ್ಣದ ಹಿಂದೆ ಯಾವ ಬಣ್ಣ, ಯಾವುದು ಯಾವತ್ತು ಲಾರಿ ಹತ್ತಬೇಕು, ಇದನ್ನೆಲ್ಲ ಗೊತ್ತುಮಾಡುವ ಕೆಲಸಕ್ಕೆ ಆ ಹೆಸರು. ನಮ್ಮ ಮೊದಲ ಗಿರಾಕಿ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದ ಒಂದು ಮಿಲ್ಲು. ಅದರ ಮಾಲೀಕರು ರಸಿಕ್‌ಭಾಯಿ. ಎಲ್ಲರಿಗೂ ಅವರು ಶೇಠ್.

ಆ ವ್ಯವಸ್ಥೆ ಕೆಲಸ ಮಾಡುವುದನ್ನು ಮೊದಲ ಸಲ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಯಾರೋ ವ್ಯಾಪಾರಿ ಸ್ಕೂಟರ್ ಮೇಲೆ ಹೋಗುತ್ತಲೇ ಫೋನಿನಲ್ಲಿ ಆರ್ಡರ್ ಹೇಳಿ ಕಳಿಸಿದ್ದ. ಅರ್ಧ ಗುಜರಾತಿ, ಅರ್ಧ ಹಿಂದಿ, ನಡುವೆ ಆಟೋದ ಹಾರ್ನು, ಒಂದು ಕೆಮ್ಮು, ‘ಆ ಹೋದ ಸಲದ ಬದನೆಕಾಯಿ ಬಣ್ಣವೇ’ ಅನ್ನುವ ಮಾತು. ನಾನು ಎರಡು ಸಲ ಕೇಳಿದರೂ ಗೊತ್ತಾಗದ್ದನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸಿ, ಬಟ್ಟೆ ಯಾವುದು, ಹೋದ ಸಲದ ಬಣ್ಣ ಯಾವುದು, ಎಷ್ಟು ಬೇಕು ಎಂದು ತೆರೆಯ ಮೇಲೆ ಇಟ್ಟಿತು. ನಾನು ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತೆ.

ಮಿಲ್ಲಿನಲ್ಲಿ ಈ ಕೆಲಸವನ್ನು ಅಲ್ಲಿಯವರೆಗೆ ಬಿಳಿ ಬೋರ್ಡಿನ ಮೇಲೆ ಮಾಡುತ್ತಿದ್ದವರು ಜಗದೀಶ್‌ಭಾಯಿ. ವ್ಯವಸ್ಥೆಗೆ ಲೆಕ್ಕದ ಗುಮಾಸ್ತ ಎನ್ನುವ ಅರ್ಥದಲ್ಲಿ ‘ಮುನೀಮ್‌ಜಿ’ ಎಂದು ಹೆಸರಿಟ್ಟವರೂ ಅವರೇ. ಅವನಿಗೆ ಚಹಾ ಬೇಡ, ರಜೆ ಬೇಡ, ಹೆಂಡತಿ ಫೋನ್ ಮಾಡಿ ಕೊತ್ತಂಬರಿ ತನ್ನಿ ಅನ್ನುವುದಿಲ್ಲ, ಸುಖಪುರುಷ ಎಂದು ನಗುತ್ತಿದ್ದರು. ಅದನ್ನು ಕಟ್ಟಿದ ನಮ್ಮ ಎಂಜಿನಿಯರ್ ಧ್ರುವ್ ಅಹಮದಾಬಾದಿನ ಹುಡುಗ. ಮನೆತನದ್ದು ಸೀರೆ ಅಂಗಡಿ. ಮಗ ಗಾದಿಯ ಮೇಲೆ ಕೂರಲಿ ಎಂದು ಅಪ್ಪನ ಹಟ. ಈ ಮದುವೆ ಸೀಸನ್ ಮುಗಿಯುವುದರೊಳಗೆ ನಿನ್ನ ಯಂತ್ರ ನೆಲೆಯೂರಿದರೆ ಸರಿ, ಇಲ್ಲವಾದರೆ ಅಂಗಡಿಗೆ ಬಾ ಎಂದು ಗಡುವು ಕೊಟ್ಟಿದ್ದರು. ನವರಂಗಪುರದವರೂ ಹೇಳಿಬಿಟ್ಟಿದ್ದರು, ಈ ಮಿಲ್ಲು ಕೈತಪ್ಪಿದರೆ ವಡೋದರಾ ಶಾಖೆ ಮುಚ್ಚುತ್ತೇವೆ ಅಂತ. ನನಗೇನು, ಮನೆ ಇತ್ತು. ಆ ಹುಡುಗನಿಗೆ ಮಾತ್ರ ಅವನು ಕಟ್ಟಿದ್ದೆಲ್ಲ ಅಲ್ಲಿಗೆ ಮುಗಿಯುತ್ತಿತ್ತು.

ದೀಪಾವಳಿಗೆ ಮುಂಚೆ ಶೇಠ್ ಒಂದು ಷರತ್ತು ಹಾಕಿದರು. ಪ್ರತಿಯೊಂದಕ್ಕೂ ಮನುಷ್ಯರನ್ನು ಕೇಳುವುದಾದರೆ ಮುನೀಮ್‌ಜಿ ಯಾಕೆ ಬೇಕು? ರಜೆ ಮುಗಿದು ಮಿಲ್ಲು ತೆರೆಯುವ ದಿನದಿಂದ ಅದು ತಾನೇ ಆರ್ಡರ್ ತೆಗೆದುಕೊಂಡು ತಾನೇ ಯಂತ್ರಗಳಿಗೆ ಕೆಲಸ ಹಚ್ಚಬೇಕು. ಇಂದೋರಿನ ಒಬ್ಬ ಹಳೆಯ ವ್ಯಾಪಾರಿಯ ಮದುವೆ ಸೀರೆಗಳ ದೊಡ್ಡ ಆರ್ಡರ್ ಬಂದಿತ್ತು, ಎಲ್ಲ ಮರೂನ್. ಅದು ವಾರದೊಳಗೆ ಲಾರಿ ಹತ್ತಿದರೆ ಮುನೀಮ್‌ಜಿ ಉಳಿಯುತ್ತಾನೆ, ಇಲ್ಲವಾದರೆ ಪ್ಲಗ್ ಕಿತ್ತುಹಾಕುತ್ತೇನೆ ಅಂದರು. ನಾನು ಒಂದೇ ಒಂದು ಕೇಳಿಕೊಂಡೆ: ಮೊದಲ ಕೆಲವು ವಾರ ಅದನ್ನು ತಡೆದು ನಿಲ್ಲಿಸುವ ಹಕ್ಕು ನನ್ನ ಫೋನಿನಲ್ಲಿರಲಿ. ಶೇಠ್ ಒಪ್ಪಿದರು, ಆದರೆ ಸುಮ್ಮನೆ ಬಿಡಲಿಲ್ಲ. “ಬೆನ್, ಸೊಸೆ ಬಂದ ಮೇಲೂ ಉಗ್ರಾಣದ ಬೀಗ ಸೆರಗಿಗೆ ಕಟ್ಟಿಕೊಂಡಿರುವ ಅತ್ತೆ ನೀವು,” ಅಂದರು. ಬೆನ್ ಅಂದರೆ ಅಲ್ಲಿ ಅಕ್ಕ.

ಗುಜರಾತಿಗಳಿಗೆ ದೀಪಾವಳಿಯ ಬೆನ್ನಿಗೇ ಹೊಸ ವರ್ಷ. ದೀಪಾವಳಿಗೆ ಮುಚ್ಚಿದ ಅಲ್ಲಿನ ಅಂಗಡಿ, ಗೋದಾಮು, ಮಿಲ್ಲುಗಳು ಲಾಭ ಪಂಚಮಿಯಂದು ಪೂಜೆ ಮಾಡಿ ಮತ್ತೆ ಬಾಗಿಲು ತೆರೆಯುತ್ತವೆ. ಅಂದು ಬೆಳಿಗ್ಗೆ ವಡೋದರಾದಿಂದ ರೈಲು ಹಿಡಿದು ಧ್ರುವ್ ಜೊತೆ ಸಚಿನ್ ತಲುಪಿದೆ. ಗೇಟಿಗೆ ಅಶೋಕದೆಲೆಯ ತೋರಣ, ಬಾಯ್ಲರಿನ ಬಾಗಿಲಿಗೆ ಕುಂಕುಮದ ಸ್ವಸ್ತಿಕ, ಅದರ ಕೆಳಗೆ ಒಡೆದ ತೆಂಗಿನಕಾಯಿಯ ನೀರು ಇನ್ನೂ ಆರಿರಲಿಲ್ಲ. ಒಡಿಶಾ, ಉತ್ತರ ಪ್ರದೇಶದ ಕೆಲಸಗಾರರಲ್ಲಿ ಬಹಳ ಜನ ಊರಿನಿಂದ ವಾಪಸಾಗಿರಲಿಲ್ಲ. ಇದ್ದವರಿಂದ ನಡೆಸಬಹುದಾಗಿದ್ದದ್ದು ಎರಡೇ ಜೆಟ್ ಯಂತ್ರ. ಜೆಟ್ ಅಂದರೆ ಪ್ರೆಶರ್ ಕುಕ್ಕರಿನ ದೊಡ್ಡಣ್ಣ. ಕುದಿಯುವ ಬಣ್ಣದ ನೀರಿನಲ್ಲಿ ಪಾಲಿಯೆಸ್ಟರ್ ಬಟ್ಟೆಯನ್ನು ಗಂಟೆಗಟ್ಟಲೆ ಸುತ್ತಿಸುತ್ತದೆ. ಬಣ್ಣ ಬದಲಾದರೆ ಒಳಗೆಲ್ಲ ತೊಳೆಯಬೇಕು. ಎರಡೂ ಅಂದೇ ಮರೂನಿಗೆ ಹತ್ತಬೇಕಿತ್ತು.

ನಾನು ಆಫೀಸಿನ ದೊಡ್ಡ ತೆರೆಯ ಮುಂದೆ ಕೂತೆ. ಪೂಜೆ ಮುಗಿದು ಪೇಡಾ ಹಂಚುವ ಹೊತ್ತಿಗೆ ಆರ್ಡರುಗಳು ಬರತೊಡಗಿದವು. ಒಂದರ ಹಿಂದೆ ಒಂದು, ಮಳೆ ಹನಿ ಬಿದ್ದ ಹಾಗೆ. ಧ್ರುವ್ ಮುಖ ಅರಳಿತು. ಹೊಸ ವರ್ಷದಲ್ಲಿ ಬಾಗಿಲು ತೆರೆದ ಮೊದಲ ದಿನವೇ ಇಷ್ಟು ವ್ಯಾಪಾರ ಅಂದರೆ ಶೇಠ್ ನಮ್ಮನ್ನು ಎತ್ತಿಕೊಂಡು ಕುಣಿಯುತ್ತಾರೆ ಎಂದ.

ನಾನು ಓದುತ್ತಾ ಹೋದೆ. ಕೆಂಪು, ಒಂದು ತಾಕಾ. ಕೇಸರಿ, ಒಂದು ತಾಕಾ. ಹಸಿರು, ಒಂದು ತಾಕಾ. ನಮ್ಮಲ್ಲಿ ಥಾನು ಅನ್ನುವುದಕ್ಕೆ ಅಲ್ಲಿ ತಾಕಾ ಅನ್ನುತ್ತಾರೆ. ಒಬ್ಬರಾದರೂ ಕಪ್ಪು ಕೇಳಿರಲಿಲ್ಲ, ಬೂದು ಕೇಳಿರಲಿಲ್ಲ, ಎರಡು ತಾಕಾ ಕೇಳಿರಲಿಲ್ಲ. ಎಲ್ಲರೂ ‘ಇವತ್ತೇ’ ಅಂದಿದ್ದರು. ಹಬ್ಬಕ್ಕೆ ಮನೆಗೆ ಬಂದ ಹೆಂಗಸರಿಗೆ ಅರಿಸಿನ ಕುಂಕುಮದ ಜೊತೆ ಕೊಡುವ ಒಂದು ರವಿಕೆ ಕಣದ ಹಾಗೆ ಕಂಡಿತು ನನಗೆ. ಅದನ್ನು ಯಾರೂ ಅಳೆದು ನೋಡುವುದಿಲ್ಲ, ಹೊಲಿಸುವವರೂ ಕಡಿಮೆ.

ಧ್ರುವ್, ಇವರೆಲ್ಲ ಯಾಕೆ ಒಂದೊಂದೇ ಕೇಳುತ್ತಿದ್ದಾರೆ ಎಂದೆ.

ಅವನು ತೆರೆ ನೋಡಿದ. ನೋಡುತ್ತಿದ್ದ ಹಾಗೇ ಮುಖದ ನಗು ಇಳಿಯಿತು. “ಆಂಟಿ, ಇದು ಮುಹೂರ್ತದ ಆರ್ಡರ್,” ಅಂದ. “ಶಕುನಕ್ಕೆ ಕೊಡುವುದು. ನಮ್ಮ ಅಂಗಡಿಯಿಂದಲೂ ಪ್ರತಿ ವರ್ಷ ಹೋಗುತ್ತೆ. ಚಿಕ್ಕಂದಿನಲ್ಲಿ ಅಪ್ಪ ನನ್ನ ಕೈಯಲ್ಲೇ ಬರೆಸ್ತಿದ್ರು.”

ಹೊಸ ವರ್ಷ ಶುಭವಾಗಲೆಂದು ವ್ಯಾಪಾರಿಗಳು ಒಬ್ಬರಿಗೊಬ್ಬರು ಕಳಿಸುವ ಹಾರೈಕೆ ಅದು, ಆರ್ಡರಿನ ವೇಷದಲ್ಲಿ. ತಿಂಗಳುಗಟ್ಟಲೆ ಅವನು ಮುನೀಮ್‌ಜಿಗೆ ಪಾಠ ಹೇಳಿದ್ದ. ಇದೊಂದನ್ನು ಹೇಳಬೇಕೆಂದು ಅವನಿಗೇ ಹೊಳೆದಿರಲಿಲ್ಲ. ಶೇಠ್‌ಗೂ ಹೊಳೆದಿರಲಿಲ್ಲ, ಜಗದೀಶ್‌ಭಾಯಿಗೂ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ? ಯಂತ್ರದ ಲೆಕ್ಕವೂ ತಪ್ಪಲ್ಲ. ‘ಇವತ್ತೇ’ ಎಂದವರಿಗೆ ಇವತ್ತು, ‘ವಾರದಲ್ಲಿ’ ಎಂದವರಿಗೆ ಆಮೇಲೆ. ಇಂದೋರಿನ ಮದುವೆಯನ್ನು ಅದು ಸಾಲಿನ ಕಟ್ಟಕಡೆಗೆ ತಳ್ಳಿ, ಎರಡೂ ಜೆಟ್ಟಿಗೆ ಒಂದೊಂದು ತಾಕಾದ ಕೆಲಸ ಹಚ್ಚತೊಡಗಿತ್ತು.

ನಾನು ಫೋನಿನಲ್ಲಿ ತಡೆ ಒತ್ತಿದೆ. ಇಬ್ಬರೂ ಕೆಳಗೆ ಓಡಿದೆವು. ಒಂದು ಜೆಟ್ಟಿಗೆ ಆಗಲೇ ನೀರು ತುಂಬುತ್ತಿತ್ತು. ಇಡೀ ಮನೆಯಷ್ಟು ಅಗಲದ ಆ ಯಂತ್ರದ ಬಾಯಲ್ಲಿ ಒಂದೇ ಒಂದು ತಾಕಾ. ಅದನ್ನು ನಡೆಸುವ ಕೆಲಸಗಾರ ಪ್ರಧಾನ್, ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ ಕೈಮುಗಿದು ನಿಂತಿದ್ದರು. ಒಂದೇ ತಾಕಾ ಬಂದದ್ದು ವಿಚಿತ್ರ ಅನಿಸಲಿಲ್ಲವೇ ಎಂದು ಕೇಳಿದರೆ, ಮುಹೂರ್ತ ಅಲ್ಲವೇ ಮ್ಯಾಡಮ್, ಶೇಠ್ ಶಾಸ್ತ್ರಕ್ಕೆ ಮಾಡಿಸುತ್ತಿದ್ದಾರೆ ಅಂದುಕೊಂಡೆ ಅಂದರು. ನಾನು ನಕ್ಕುಬಿಟ್ಟೆ. ನಗಬಾರದ ಹೊತ್ತು ಅದು.

ಶೇಠ್, ಜಗದೀಶ್‌ಭಾಯಿ ಇಬ್ಬರೂ ಬಂದರು. ವಿಷಯ ಕೇಳಿ ಜಗದೀಶ್‌ಭಾಯಿ ತಲೆ ಮೇಲೆ ಕೈ ಇಟ್ಟುಕೊಂಡರು. ಧ್ರುವ್ ಅವಸರಪಟ್ಟ. ಆ ಆರ್ಡರುಗಳನ್ನೆಲ್ಲ ತೆಗೆದುಹಾಕುತ್ತೇನೆ, ಐದು ನಿಮಿಷದ ಕೆಲಸ ಎಂದ. ಆಗ ನಾನು ಅವನ ತೋಳು ಹಿಡಿದು, ತೆಗೆದರೆ ವ್ಯಾಪಾರಿಗಳಿಗೆ ಏನು ಸಂದೇಶ ಹೋಗುತ್ತದೆ ಎಂದು ಕೇಳಿದೆ. ಅವನು ತಗ್ಗಿದ ದನಿಯಲ್ಲಿ ಹೇಳಿದ: ‘ನಿಮ್ಮ ಆರ್ಡರ್ ತಿರಸ್ಕರಿಸಲಾಗಿದೆ.’ ವ್ಯವಸ್ಥೆಯಲ್ಲಿದ್ದದ್ದು ಎರಡೇ ದಾರಿ, ಒಪ್ಪುವುದು ಅಥವಾ ತಿರಸ್ಕರಿಸುವುದು.

ಶೇಠ್ ದನಿ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಕೆ ತಂದಿತು. “ಲಾಭ ಪಂಚಮಿಯ ದಿನ ನನ್ನ ಮಿಲ್ಲಿನಿಂದ ಇಡೀ ಸೂರತ್‌ಗೆ ‘ಇಲ್ಲ’ ಅಂತ ಹೋದರೆ, ಬೆನ್, ನಾಳೆಯಿಂದ ನಾನು ಬಜಾರಿನಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ.”

ಒಪ್ಪಿದರೆ ಮದುವೆ ಸೀರೆ ತಪ್ಪುತ್ತದೆ, ಒಪ್ಪದಿದ್ದರೆ ಬಜಾರಿನ ನಂಟು ಹೋಗುತ್ತದೆ. ಎರಡರಲ್ಲಿ ಯಾವುದಾದರೂ ಧ್ರುವ್ ಅಂಗಡಿಗೆ ಹೋದ ಹಾಗೇ. ಅವನು ಮೂರನೆಯ ದಾರಿ ಕೋಡ್ ಮಾಡಲು ಎರಡು ದಿನ ಬೇಕು ಎಂದು ಗೊಣಗುತ್ತಿದ್ದ. ನನಗೆ ಕೋಡ್ ಬರುವುದಿಲ್ಲ. ಮುನೀಮ್‌ಜಿಗೆ ನಾವು ಆಡುವ ಮಾತಿನಲ್ಲೇ ಹೇಳಬಹುದು ಎಂದು ಕೈಪಿಡಿಯಲ್ಲಿ ನಾನೇ ಬರೆದಿದ್ದೆ. ಇಂಥ ರಿವಾಜೊಂದನ್ನು ಅದಕ್ಕೆ ಯಾರೂ ಹಾಗೆ ಹೇಳಿ ನೋಡಿರಲಿಲ್ಲ. ತೆರೆಯ ಮುಂದೆ ಕೂತು, ಮನೆಗೆ ಹೊಸದಾಗಿ ಬಂದ ಸೊಸೆಗೆ ಹೇಳುವ ಹಾಗೆ, ನಿಧಾನವಾಗಿ ಬರೆದೆ. ಇವು ಆರ್ಡರುಗಳಲ್ಲ, ಹಾರೈಕೆಗಳು. ಬಟ್ಟೆಗಾಗಿ ಇವತ್ತು ಯಾರೂ ಕಾಯುತ್ತಿಲ್ಲ. ಆದರೆ ಯಾವುದನ್ನೂ ನಿರಾಕರಿಸುವ ಹಾಗಿಲ್ಲ. ಒಪ್ಪಿಕೊಂಡು ವಂದನೆ ಹೇಳು, ಮದುವೆಯ ಕೆಲಸ ಮುಗಿದ ಮೇಲೆ ಇವನ್ನು ಬಣ್ಣಕ್ಕೆ ಹಾಕು.

ಅದು ಕೂಡಲೇ ಕೆಲಸಕ್ಕೆ ಇಳಿಯಲಿಲ್ಲ. ಒಂದು ಪ್ರಶ್ನೆ ಕೇಳಿತು. ಈ ಸಾಲಿನಲ್ಲಿ ಮೂರು ಆರ್ಡರ್ ಹಾರೈಕೆಯಂತೆ ಕಾಣುವುದಿಲ್ಲ. ಈ ಮೂವರು ಬೇರೆ ದಿನಗಳಲ್ಲೂ ಸ್ಯಾಂಪಲ್ಲಿಗೆಂದು ಒಂದೊಂದೇ ತಾಕಾ ತರಿಸಿ, ಆಮೇಲೆ ದೊಡ್ಡ ಆರ್ಡರ್ ಕೊಟ್ಟವರು. ಅವನ್ನು ಬೇರೆ ಇಟ್ಟು, ಹಾರೈಕೆಗಳಿಗಿಂತ ಮೊದಲು ಹಾಕಲೇ?

ಜಗದೀಶ್‌ಭಾಯಿ ಕನ್ನಡಕ ಏರಿಸಿ, ತೆರೆಗೆ ಮುಖ ತಾಗುವಷ್ಟು ಬಗ್ಗಿ ಹೆಸರುಗಳನ್ನು ಓದಿದರು. ಹೌದು, ಈ ಮೂವರ ರೀತಿಯೇ ಹಾಗೆ ಅಂದರು. ನಾನಾಗಿದ್ದರೆ ಈ ಗದ್ದಲದಲ್ಲಿ ಆ ಮೂರನ್ನೂ ಉಳಿದವುಗಳ ಜೊತೆ ಕಟ್ಟಿಬಿಡುತ್ತಿದ್ದೆ ಎಂದರು. ಅರ್ಧ ಗಂಟೆಗೆ ಮುಂಚೆ ಶಕುನ ಅನ್ನುವುದೇ ಗೊತ್ತಿರದಿದ್ದ ವ್ಯವಸ್ಥೆ ಈಗ ಶಕುನ ಯಾವುದು, ವ್ಯಾಪಾರ ಯಾವುದು ಎಂದು ಬೇರೆ ಮಾಡಿ ನಮ್ಮನ್ನೇ ಕೇಳುತ್ತಿತ್ತು. ಹೌದು ಎಂದೆ, ಶೇಠ್ ತಲೆ ಆಡಿಸಿದರು, ನಾನು ತಡೆ ತೆಗೆದೆ. ಎಲ್ಲ ವ್ಯಾಪಾರಿಗಳಿಗೂ ಹೊಸ ವರ್ಷದ ವಂದನೆ ಗುಜರಾತಿಯಲ್ಲಿ ಹೋಯಿತು. ಪ್ರಧಾನ್ ಆ ಒಂಟಿ ತಾಕಾವನ್ನು ಹೊರಗೆ ತೆಗೆದು, ಹಾರ ಹಾಗೇ ಇರಲಿ ಎಂದು ಬಿಟ್ಟು, ಮರೂನಿಗೆ ಬಟ್ಟೆ ಏರಿಸಿದರು.

ಇಂದೋರಿನ ಲಾರಿ ವಾರದೊಳಗೆ ಹೊರಟಿತು. ಮುನೀಮ್‌ಜಿ ಉಳಿದ. ಶೇಠ್ ಹೊಸದೊಂದು ಪದ್ಧತಿ ಹಾಕಿದರು. ದಿನಾ ಸಂಜೆ ಚಹಾ ಹೊತ್ತಿನಲ್ಲಿ ಜಗದೀಶ್‌ಭಾಯಿ ಮತ್ತು ಧ್ರುವ್ ವೀಡಿಯೊ ಕರೆಯಲ್ಲಿ ಒಟ್ಟಿಗೆ ಕೂತು, ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದ ಒಂದು ಸಂಗತಿಯನ್ನು ಅದಕ್ಕೆ ಹೇಳಬೇಕು. ಯಾವ ವ್ಯಾಪಾರಿ ‘ಅರ್ಜೆಂಟ್’ ಅಂದರೆ ನಿಜಕ್ಕೂ ಅರ್ಜೆಂಟ್, ಯಾರ ‘ನಾಳೆ’ ಅಂದರೆ ಹೋಳಿ ಆದ ಮೇಲೆ, ಇಂಥವು. ಧ್ರುವ್ ಅಪ್ಪ ಒಂದು ದಿನ ನನಗೇ ಫೋನ್ ಮಾಡಿ, ಮಗ ಮನೆಗೆ ಬಂದಾಗ ಊಟದ ಹೊತ್ತಿನಲ್ಲೂ ಅಂಗಡಿಯ ರೀತಿ ರಿವಾಜು ಕೆದಕಿ ಕೆದಕಿ ಕೇಳುತ್ತಾನೆ, ಗಾದಿ ಮೇಲೆ ಕೂತಿದ್ದರೂ ಇಷ್ಟು ಕಲಿಯುತ್ತಿರಲಿಲ್ಲ ಎಂದರು. ವಾಪಸು ಕರೆಯುವ ಮಾತು ಎತ್ತಲಿಲ್ಲ.

ಈ ಕೆಲಸಕ್ಕೆ ಏನು ಕಲಿಯಬೇಕು ಎಂದು ನೆಂಟರ ಮಕ್ಕಳು ಕೇಳುತ್ತಾರೆ. ಡೇಟಾ ಓದುವುದನ್ನು ಕಲಿಯಿರಿ, ಹೊಸ ಉಪಕರಣಗಳಿಗೆ ಹೆದರಬೇಡಿ, ಯಾವ ತೀರ್ಮಾನವನ್ನು ಯಂತ್ರಕ್ಕೆ ಬಿಡಬೇಕು, ಯಾವುದನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು ಎಂದು ತಿಳಿದಿರಿ ಎನ್ನುತ್ತೇನೆ. ಯಂತ್ರ ಇನ್ನಷ್ಟು ಬೇಗ ಕಲಿಯುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ; ಆ ಬೆಳಿಗ್ಗೆ ಕಣ್ಣಾರೆ ಕಂಡಿದ್ದೇನೆ. ಆದರೆ ಅದಕ್ಕೆ ಹೇಳಬೇಕಾದ್ದು ಜನರಲ್ಲಿದೆ, ಮತ್ತು ಅದು ತಮ್ಮಲ್ಲಿದೆ ಎಂದು ಆ ಜನಕ್ಕೇ ತಿಳಿದಿರುವುದಿಲ್ಲ. ಪಕ್ಕದಲ್ಲಿ ಕೂತು, ದಡ್ಡಿ ಅನಿಸಿಕೊಂಡರೂ ಸರಿ, “ಯಾಕೆ ಹೀಗೆ?” ಎಂದು ಕೇಳುವವರು ಒಬ್ಬರು ಬೇಕು. ನಾನು ಮಾಡಿದ ಕೆಲಸ ಅಷ್ಟೇ.