ಮೂರನೇ ಫಾರಂ

ಬೈಂಡಿಂಗ್ ಕೋಣೆಯಲ್ಲಿ ಎಲ್ಲರೂ ಅವಳನ್ನು ಫಾರಂ ಅಕ್ಕ ಎನ್ನುತ್ತಿದ್ದರು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಹದಿನಾರು ಪುಟದ ಫಾರಂ ಆಗಿ ಮಡಿಸಿ, ಕೆಳಗಿನ ಅಂಕಿ ನೋಡಿ ಸಾಲಾಗಿ ಜೋಡಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಮಡಿಸಿದರೂ ಓದಿದ್ದು ಆ ಅಂಕಿಯನ್ನು ಮಾತ್ರ. ಓದುತ್ತ ಕೂತರೆ ಹೊಟ್ಟೆ ತುಂಬೀತೇ?

ಓದು ಬರಹದ ಹುಚ್ಚು ಗಂಡನದು. ಅದೇ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಆ ಮಹಾರಾಯ, ಇಲ್ಲದ ಊರೊಂದರ ಕಥೆ ಬರೆಯುತ್ತಿದ್ದ. ಅಲ್ಲಿ ದಿನಕ್ಕೆ ಆರೇ ಗಂಟೆ ದುಡಿಮೆ. ಯಜಮಾನಿಕೆ ವರ್ಷಕ್ಕೊಬ್ಬರಿಗೆ, ಚೀಟಿ ಎತ್ತಿ.

"ಗಾಳಿಗೋಪುರ ಕಟ್ಟಿ ಬಾಡಿಗೆಗೆ ಬಿಡ್ತೀರಾ?" ಎಂದು ಅವಳು ಛೇಡಿಸುತ್ತಿದ್ದಳು.

ಒಂದು ದಿನ ಅವಳು ಊಟಕ್ಕೆ ಹೋದಾಗ, ಗಂಡ ಆ ಕಥೆಯ ಮೂರನೇ ಫಾರಂನ ಇಪ್ಪತ್ತು ಪ್ರತಿ ಅಚ್ಚು ತೆಗೆದು, ಏನೂ ಹೇಳದೆ ಅವಳ ಮೇಜಿನ ಮೇಲಿಟ್ಟು ಹೋದ. ಪಕ್ಕದಲ್ಲೇ ಊರಿನ ಬಟ್ಟೆ ಗಿರಣಿಯವರು ಅಚ್ಚಿಗೆ ಕೊಟ್ಟಿದ್ದ ಕೆಲಸದ ನಿಯಮಾವಳಿಯ ಮೂರನೇ ಫಾರಂ ಇತ್ತು. ಅಂಕಿ ಒಂದೇ, ಅವಳ ಕೈ ಎರಡನ್ನೂ ಬೆರೆಸಿಬಿಟ್ಟಿತು. ಇಪ್ಪತ್ತು ನಿಯಮಾವಳಿಗಳೊಳಗೆ ಕಥೆಯ ಪುಟ ಸೇರಿಹೋಯಿತು.

ನಿಯಮಾವಳಿ ಹಂಚಿದ ಮಾರನೇ ದಿನವೇ ಗಿರಣಿಯಿಂದ ಕರೆ ಬಂತು. ಪ್ರೆಸ್ಸಿನ ಯಜಮಾನರು ಅವಳನ್ನೇ ಅಟ್ಟಿದರು. "ಹೋಗಿ ಸರಿಮಾಡು. ಇಲ್ಲಾಂದ್ರೆ ನಾಳೆಯಿಂದ ಗಂಡ ಹೆಂಡ್ತಿ ಇಬ್ರೂ ಬರೋದು ಬೇಡ."

ಗಿರಣಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ. ಆ ಪುಟಗಳು ಕೈಯಿಂದ ಕೈಗೆ ದಾಟಿದ್ದವು. ಆರು ಗಂಟೆಯ ದುಡಿಮೆ ಮುಗಿಯಿತೆಂದು ಕೆಲಸದವರೆಲ್ಲ ಕೈಕಟ್ಟಿ ಕೂತಿದ್ದರು. ಮ್ಯಾನೇಜರ್ ಇಪ್ಪತ್ತು ಪುಸ್ತಕಗಳನ್ನು ಅವಳ ಮುಂದೆ ರಾಶಿ ಹಾಕಿದ.

"ಎಲ್ಲರೆದುರಿಗೂ ಹರೀರಿ. ಇದು ಬರೀ ಕಟ್ಟುಕಥೆ ಅಂತ ನಿಮ್ಮ ಬಾಯಲ್ಲೇ ಹೇಳಿ."

ಮಗ್ಗದ ಪಕ್ಕದಿಂದ ಮುದುಕಿಯೊಬ್ಬಳು ಎದ್ದಳು. "ಅಲ್ಲಮ್ಮಾ, ಇದು ನಿಜವಾದ ನಿಯಮ ತಾನೇ?"

ಫಾರಂ ಅಕ್ಕನ ಮನೆ ನಡೆಯುತ್ತಿದ್ದುದೇ ಆ ಎರಡು ಸಂಬಳದಿಂದ. ಮೊದಲ ಪುಸ್ತಕ ಬಿಡಿಸಿ, ಹೊಲಿಗೆಯ ದಾರಕ್ಕೆ ಉಗುರು ಹಾಕಿದಳು. ಕಣ್ಣು ಅಂಕಿಯಿಂದ ಜಾರಿ ಮೇಲಿನ ಸಾಲಿಗೆ ಹೋಯಿತು.

'ಆ ಊರಿನಲ್ಲಿ ಪುಸ್ತಕ ಮಡಿಸುವವಳಿಗೆ ಅದನ್ನು ಓದಲೂ ಬಿಡುವಿರುತ್ತದೆ. ಅವಳು ಓದಿ ಮುಗಿಸುವ ತನಕ ಯಾರೂ ಅವಸರ ಮಾಡುವುದಿಲ್ಲ.'

ಗಂಡನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. ಇಷ್ಟು ವರ್ಷ ತಾನು ಗೇಲಿ ಮಾಡಿದ್ದು ತನ್ನನ್ನೇ ಎಂದು ಈಗ ತಿಳಿಯಿತು.

"ಬೇಗ ಹರೀರಿ!" ಎಂದು ಮ್ಯಾನೇಜರ್ ಗದರಿದ.

"ಇದು ನಿಯಮ ಅಲ್ಲ ಅಜ್ಜಿ, ನನ್ನ ಕೈತಪ್ಪು," ಎಂದಳು ಅವಳು. ಆಮೇಲೆ ಅವನತ್ತ ತಿರುಗಿದಳು. "ಆದ್ರೆ ಹರಿಯೋದು ನನ್ನಿಂದಾಗಲ್ಲ ಸಾರ್. ನಾನಿನ್ನೂ ಓದಿಲ್ಲ."

ಸ್ಟೂಲ್ ಎಳೆದುಕೊಂಡು ಕೂತು, ಎಲ್ಲರಿಗೂ ಕೇಳುವಂತೆ ಓದತೊಡಗಿದಳು.