ಅತ್ತೆ ವಾಪಸ್ ಕೊಡಲು ಹೋದ ಬೋರ್ಡು

ನಮ್ಮ ಮನೆಯಲ್ಲಿ ಮುಖ್ಯಮಂತ್ರಿಗಳ ಪರವಾಗಿ ಮಾತಾಡುವವರು ನಮ್ಮತ್ತೆ, ವಿರುದ್ಧ ಮಾತಾಡುವವಳು ನಾನು. ನನ್ನ ಗಂಡನಿಗೆ ದೌಂಡಿನಲ್ಲಿ ರೈಲ್ವೆ ಕೆಲಸ. ವಾರಕ್ಕೊಮ್ಮೆ ಬಂದವನು ಇಬ್ಬರ ಮಾತಿಗೂ ಹೂಂಗುಟ್ಟಿ, ಉಂಡು ಮಲಗುತ್ತಾನೆ. ಹೀಗಾಗಿ ಪುಣೆಯ ಧನಕವಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಆಡಳಿತ ಪಕ್ಷಕ್ಕೊಬ್ಬರು, ವಿರೋಧ ಪಕ್ಷಕ್ಕೊಬ್ಬರು. ಸ್ಪೀಕರ್ ಮಾತ್ರ ಸದಾ ರಜೆಯ ಮೇಲೆ.

ನಾನು ಮಂಡ್ಯದ ಕಡೆಯವಳು. ಪುಣೆಗೆ ಬಂದದ್ದು ಕಂಪ್ಯೂಟರ್ ಕೆಲಸಕ್ಕೆ, ಉಳಿದದ್ದು ಮದುವೆಯಾಗಿ. ಅತ್ತೆ ಕಲಬುರಗಿ ಕಡೆಯವರು. ಮಾವನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ವರ್ಷಗಟ್ಟಲೆ ತಲೆಯ ಮೇಲೆ ಸಿಮೆಂಟ್ ಬುಟ್ಟಿ ಹೊತ್ತವರು. ಈಗಲೂ ಬಸ್ಸಿನಲ್ಲಿ ಕಾತ್ರಜ್ ದಾಟುವಾಗ ಕಿಟಕಿಯಿಂದ ಕೈ ತೋರಿಸಿ, "ಅಗೋ, ಆ ಬಿಲ್ಡಿಂಗಿನ ನಾಕನೇ ಮಾಳಿಗಿ ನಂದು" ಅನ್ನುತ್ತಾರೆ. ಪಕ್ಕದಲ್ಲಿ ಕೂತವರು ಯಾರೋ ದೊಡ್ಡ ಶ್ರೀಮಂತರು ಅಂದುಕೊಂಡು ಸ್ವಲ್ಪ ಸರಿದು ಕೂರುತ್ತಾರೆ.

ನನ್ನ ಕನ್ನಡ ಅವರಿಗೆ ಇಂದಿಗೂ ಒಗ್ಗಿಲ್ಲ. "ಇದೆ, ಇದೆ ಅಂತ ಏನ ಚೂಟಿ ಚೂಟಿ ಮಾತಾಡ್ತಿ? ಅದ ಅಂತ ಬಾಯಿ ತುಂಬ ಅನ್ನು" ಎಂದು ಗದರುತ್ತಾರೆ. ನಾನು ಸಾರು ಮಾಡಿದ ದಿನ, "ಇದಕ್ಕ ನಿಮ್ಮ ಕಡಿ ಊಟ ಅಂತಾರೋ, ಔಷಧ ಅಂತಾರೋ?" ಎಂದು ಕೇಳಿ, ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾರೆ. ಇಂಥವರ ಮೇಲೆ ಬಹಳ ಹೊತ್ತು ಸಿಟ್ಟು ಇಟ್ಟುಕೊಳ್ಳುವುದು ಕಷ್ಟ. ರಾಜಕೀಯ ಬಂದಾಗ ಮಾತ್ರ ನಾನು ಆ ಕಷ್ಟವನ್ನೂ ಪಡುತ್ತಿದ್ದೆ.

ಅತ್ತೆಗೆ ಮುಖ್ಯಮಂತ್ರಿ ಅಂದರೆ ಅಷ್ಟು ಪ್ರೀತಿ. ಟಿವಿಯಲ್ಲಿ ಅವರು ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ಕೂರುತ್ತಾರೆ. ಸಾಹೇಬರು ಸಮಾರಂಭಗಳಲ್ಲಿ ದೀಪ ಹಚ್ಚುವ ಮುಂಚೆ ಬೂಟು ಬಿಚ್ಚುತ್ತಾರಂತೆ, ಮುದುಕಿಯರು ಎದುರಾದರೆ ಬಗ್ಗಿ ಮಾತಾಡಿಸುತ್ತಾರಂತೆ. "ಎಷ್ಟು ನಯ ವಿನಯ ಅದ ನೋಡು. ಹಡೆದಾಕಿ ಪುಣ್ಯವಂತಿ."

ನನಗೆ ಮೈ ಉರಿಯುತ್ತಿತ್ತು. ಅವರ ಹುಟ್ಟುಹಬ್ಬಕ್ಕೆ ನಮ್ಮ ಚೌಕದಲ್ಲಿ ಎಷ್ಟು ಫ್ಲೆಕ್ಸ್ ಕಟ್ಟುತ್ತಾರೆಂದರೆ ಸಿಗ್ನಲ್ಲೇ ಕಾಣುವುದಿಲ್ಲ. ಮೇಲ್ಸೇತುವೆಗೆ ಎರಡೆರಡು ಸಲ ಪೂಜೆ, ಪ್ರಶ್ನೆ ಕೇಳಿದವರಿಗೆ ನಾಡದ್ರೋಹಿ ಅನ್ನುವ ಪಟ್ಟ, ಸರ್ಕಾರಿ ಆಸ್ಪತ್ರೆಯಲ್ಲಿ ಬ್ಯಾಂಡೇಜು ಹೊರಗಿನಿಂದ ತನ್ನಿ ಅನ್ನುವ ಚೀಟಿ. ಇದನ್ನೆಲ್ಲ ನಾನು ಫೋನಿನಲ್ಲಿ ಬರೆಯುತ್ತಿದ್ದೆ, ನನ್ನಂಥವರೇ ಓದಿ ಮೆಚ್ಚುತ್ತಿದ್ದರು. ಮನೆಯಲ್ಲಿ ಅದನ್ನೇ ಹೇಳಿದರೆ ಅತ್ತೆ ಸೊಪ್ಪು ಬಿಡಿಸುತ್ತಾ, "ಅವಗೇನು ಗೊತ್ತಿರ್ತದ? ಕೆಳಗಿನ ಮಂದಿ ಮಾಡ್ತಾರ. ಅವಗ ಯಾರೂ ಹೇಳಂಗಿಲ್ಲ" ಎಂದು ಮಾತು ಮುಗಿಸುತ್ತಿದ್ದರು. ಒಂದು ದಿನ ನಾನು ರೇಗಿ, "ಚೌಕದ ಆ ಬೋರ್ಡುಗಳನ್ನೆಲ್ಲ ಒಂದಿನ ನಾನೇ ಕಿತ್ತು ಮನೆಗೆ ತರ್ತೀನಿ, ಒಲೆಗಾದ್ರೂ ಆಗುತ್ತೆ" ಅಂದುಬಿಟ್ಟೆ. ಅವರು ಸೊಪ್ಪು ಬಿಟ್ಟು ನನ್ನನ್ನೇ ನೋಡಿದರು. ಆ ಮಾತನ್ನು ಅವರು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆಂದು ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಶಾಲೆಯ ಸುದ್ದಿ ಬಂತು. ನಮ್ಮ ಮನೆಯ ಹಿಂದೆ ಒಂದು ಸಣ್ಣ ಕನ್ನಡ ಶಾಲೆ ಇದೆ. ಸುತ್ತ ಕಟ್ಟುತ್ತಿರುವ ಕಟ್ಟಡಗಳಲ್ಲಿ ದುಡಿಯುವ ಕಲಬುರಗಿ, ಯಾದಗಿರಿ ಕಡೆಯವರ ಮಕ್ಕಳು ಅಲ್ಲಿ ಓದುತ್ತಾರೆ. ನನ್ನ ಗಂಡ ಓದಿದ್ದೂ ಅಲ್ಲೇ. ಅತ್ತೆ ಅವನನ್ನು ಇಟ್ಟಿಗೆ ರಾಶಿಯ ನೆರಳಲ್ಲಿ ಕೂರಿಸಿ ಮೇಲಕ್ಕೆ ಬುಟ್ಟಿ ಸಾಗಿಸುತ್ತಿದ್ದರಂತೆ, ಪ್ರತಿ ಸಲ ಇಳಿದಾಗಲೂ ಮಗು ಇದೆಯೋ ಇಲ್ಲವೋ ಅನ್ನುವ ಭಯ. ಶಾಲೆ ಸಿಕ್ಕ ಮೇಲೆ ಆ ಭಯ ಹೋಯಿತು. "ಆ ಸಾಲಿ ಇರಲಿಲ್ಲಂದ್ರ ನನ್ನ ಮಗ ಇವತ್ತ ಇಟ್ಟಂಗಿ ಕಟ್ಟೋ ಗೌಂಡಿ ಆಗ್ತಿದ್ದ, ನೀ ಅವನ ಮಾರಿ ನೋಡ್ತಿರಲಿಲ್ಲ" ಎಂದು ನನಗೆ ಹೇಳುತ್ತಿರುತ್ತಾರೆ. ಎರಡನೆಯ ಮಾತು ಸುಳ್ಳು, ಮೊದಲನೆಯದು ನಿಜವಿರಬಹುದು.

ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ದೊಡ್ಡ ಶಾಲೆಗಳ ಜೊತೆ ಸೇರಿಸುವುದೆಂದು ಸರ್ಕಾರ ಆದೇಶ ಹೊರಡಿಸಿತು. ಮುಚ್ಚುತ್ತೇವೆ ಅಂತ ಎಲ್ಲೂ ಹೇಳಿರಲಿಲ್ಲ. ಮರಾಠಿಯಲ್ಲಿ ಚೆಂದದ ಒಂದು ಪದ ಬಳಸಿದ್ದರು: ಸಮಾಯೋಜನ. ಅಂದರೆ ನಮ್ಮ ಮಕ್ಕಳು ಹೈವೇ ದಾಟಿ, ಮರಾಠಿ ಶಾಲೆಗೆ ಹೋಗಬೇಕು. ಬೆಳಿಗ್ಗೆಯೇ ಕೆಲಸಕ್ಕೆ ಹೊರಡುವ ತಾಯಂದಿರು ಹೈವೇ ದಾಟಿಸಿ ಬರುವುದು ಆಗದ ಮಾತು. ಮಕ್ಕಳು ಮತ್ತೆ ಇಟ್ಟಿಗೆ ರಾಶಿಯ ಪಕ್ಕ ಬಂದು ಕೂರುತ್ತವೆ, ಅಷ್ಟೇ. ಈ ಆದೇಶದ ವಿಷಯವನ್ನು ಅತ್ತೆಗೆ ಹೇಳಿದೆ. "ಏ, ಅಂವ ಹಂಗ ಮಾಡಂಗಿಲ್ಲ ಬಿಡು" ಅಂದರು. ಅವರ ಮುಖದಲ್ಲಿ ಮೊದಲ ಬಾರಿ ಸ್ವಲ್ಪ ಅಳುಕು ಕಂಡಿತು.

ಶಿವಾಜಿನಗರದ ಶಿಕ್ಷಣ ಕಚೇರಿಯ ಮುಂದೆ ಧರಣಿ ಕೂರುವುದೆಂದು ನಮ್ಮ ಗುಂಪು ತೀರ್ಮಾನಿಸಿತು. ಗುಂಪೆಂದರೆ ಕೆಲವು ಪಾಲಕರು, ಕೆಲವು ಮರಾಠಿ ಗೆಳೆಯರು, ನಾನು. ನಮ್ಮನ್ನು ಜನ ಪ್ರಗತಿಪರರು ಅನ್ನುತ್ತಾರೆ. ಪ್ರಗತಿ ಎಷ್ಟಾಗಿದೆಯೋ ಗೊತ್ತಿಲ್ಲ, ಚಹಾ ಮಾತ್ರ ಬಹಳ ಖರ್ಚಾಗಿದೆ. ಹಿಂದಿನ ದಿನ ಬೋರ್ಡುಗಳನ್ನು ನಮ್ಮ ಮನೆಯಲ್ಲೇ ಬರೆದೆವು. ಕೋಲಿಗೆ ರಟ್ಟು ಹೊಡೆದು, ಮೇಲೆ ಕೆಂಪು ಬಣ್ಣದಲ್ಲಿ ಮರಾಠಿ. ಅತ್ತೆ ಆಗ ಭಜನೆಗೆ ಹೋಗಿದ್ದರು. ಒಂದು ಬೋರ್ಡು ಒಣಗಿರಲಿಲ್ಲವೆಂದು ಬಾಲ್ಕನಿಯಲ್ಲೇ ಇಟ್ಟೆ. ಬೆಳಿಗ್ಗೆ ಗಡಿಬಿಡಿಯಲ್ಲಿ ಅದನ್ನು ಅಲ್ಲೇ ಮರೆತು ಹೋದೆ.

ಮುಂದಿನದು ಅತ್ತೆಯೇ ಆಮೇಲೆ ಹೇಳಿದ್ದು. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದವರಿಗೆ ಬೋರ್ಡು ಕಂಡಿದೆ. ಅವರು ಕನ್ನಡ ಸಲೀಸಾಗಿ ಓದುತ್ತಾರೆ, ದೇವನಾಗರಿಯನ್ನು ಅಕ್ಷರಕ್ಕಕ್ಷರ ಕೂಡಿಸಿ ಓದುತ್ತಾರೆ. ಬಜಾರಿನ ಮರಾಠಿ ನೀರು ಕುಡಿದಂತೆ ಬರುತ್ತದೆ, ಆದರೆ ಧರಣಿಯ ಮರಾಠಿ ಅವರಿಗೆ ಬೇಕಾಗಿಯೇ ಇರಲಿಲ್ಲ. ಬೋರ್ಡಿನ ಮೇಲೆ ಇದ್ದದ್ದು: 'ಸರಕಾರಚಾ ಜಾಹೀರ ನಿಷೇಧ.' ಮರಾಠಿಯವರಿಗೆ ನಿಷೇಧ ಅಂದರೆ ಧಿಕ್ಕಾರ. ಸರ್ಕಾರಕ್ಕೆ ಬಹಿರಂಗವಾಗಿ ಧಿಕ್ಕಾರ ಎಂದು ಅದರ ಅರ್ಥ. ಕನ್ನಡದವರಿಗೆ ನಿಷೇಧ ಅಂದರೆ ಇಲ್ಲಿಗೆ ಬರಕೂಡದು, ಇದನ್ನು ಮಾಡಕೂಡದು ಎಂದು ತಡೆಯುವುದು. ಅತ್ತೆ ಓದಿಕೊಂಡದ್ದು ಸರ್ಕಾರದವರು ಎಲ್ಲೋ ನೆಟ್ಟಿದ್ದ ನಿಷೇಧದ ಬೋರ್ಡು ಎಂದು. ಸೊಸೆ ಹೇಳಿದಂತೆಯೇ ಅದನ್ನು ಬೇರು ಸಹಿತ ಕಿತ್ತುಕೊಂಡು ಬಂದಿದ್ದಾಳೆ! ಕೋಲು ಬೇರೆ ಸಾಕ್ಷಿಗೆ ಅಲ್ಲೇ ಇತ್ತು.

ನನಗೆ ಫೋನ್ ಮಾಡಿದರಂತೆ. ಘೋಷಣೆಯ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಮಗನಿಗೆ ಮಾಡಿದರೆ ಅವನು ಡ್ಯೂಟಿಯಲ್ಲಿದ್ದ. ಪೊಲೀಸರು ಮನೆಗೆ ಬರುವ ಮುಂಚೆ ತಾವೇ ಹೋಗಿ ಕೊಟ್ಟುಬಿಡುವುದು ವಾಸಿ ಅನ್ನಿಸಿ, ಒಳ್ಳೆಯ ಸೀರೆ ಉಟ್ಟು, ಬೋರ್ಡಿಗೆ ಹಳೆಯ ದುಪ್ಪಟಿ ಸುತ್ತಿ, ಬಸ್ ಹತ್ತಿ, ನಾನು ಹೋಗುತ್ತೇನೆಂದು ಹೇಳಿದ್ದ ಶಿವಾಜಿನಗರದ ಸರ್ಕಾರಿ ಕಚೇರಿಗೆ ಬಂದರು.

ಗೇಟಿನ ಬಳಿ ನಾವೆಲ್ಲ ಕೂತಿದ್ದೆವು. ಅತ್ತೆ ನಮ್ಮ ಮಧ್ಯದಿಂದಲೇ ನೆಟ್ಟಗೆ ಪೊಲೀಸಿನವರ ಹತ್ತಿರ ಹೋದರು. ನಾನು ಎದ್ದು ಓಡುವಷ್ಟರಲ್ಲಿ ದುಪ್ಪಟಿ ಬಿಚ್ಚಿ, ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರಿಗೂ ಕೇಳುವಂತೆ ತಮ್ಮ ಬಜಾರಿನ ಮರಾಠಿಯಲ್ಲಿ ಅಂದರು: "ಸಾಹೇಬ, ಆಮಚ್ಯಾ ಸುನೇಚಿ ಚೂಕ ಝಾಲಿ. ಹಾ ಘ್ಯಾ ತುಮಚಾ ನಿಷೇಧ!" ನಮ್ಮ ಸೊಸೆಯದು ತಪ್ಪಾಯಿತು, ತಗೊಳ್ಳಿ ನಿಮ್ಮ ನಿಷೇಧ ಅಂತ. ಮರಾಠಿ ಕಿವಿಗೆ ಅದು 'ತಗೊಳ್ಳಿ, ನಿಮಗೆ ಧಿಕ್ಕಾರ' ಎಂದೇ ಕೇಳಿಸಿತು.

ಇಡೀ ಧರಣಿ ಚಪ್ಪಾಳೆ ಹೊಡೆಯಿತು. ಇಂಥ ಕುಹಕದ ಮಾತನ್ನು ನಮ್ಮಲ್ಲಿ ಯಾರೂ ಅದುವರೆಗೆ ಆಡಿರಲಿಲ್ಲ. ಪೊಲೀಸಿನವರೂ ನಗು ತಡೆಯಲಾರದೆ ಅತ್ತ ತಿರುಗಿದರು. ಅತ್ತೆಗೆ ಮಾತ್ರ ಅವಮಾನವಾಗಿತ್ತು. "ತಪ್ಪಾತು ಅಂದ್ರ ನಗ್ತಾರಲ್ಲ, ಎಂಥ ಮಂದಿ ಇವರು!"

ಅವರನ್ನು ನೆರಳಿಗೆ ಕರೆದುಕೊಂಡು ಹೋಗಿ ಅರ್ಥ ಬಿಡಿಸಿ ಹೇಳಿದೆ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಈ ಜೀವ ನನ್ನನ್ನು ಜೈಲಿನಿಂದ ತಪ್ಪಿಸಲು ಬಿಸಿಲಲ್ಲಿ ಅಷ್ಟು ದೂರ ಬಂದಿತ್ತು. ಅವರು ಪೂರ್ತಿ ಕೇಳಿ, "ಅಯ್ಯ ನನ ಶಿವನ! ನೀ ಏನೂ ಕಿತ್ತಿಲ್ಲೇನ ಹಂಗಾರ?" ಎಂದು ಕೇಳಿದರು. ಇಲ್ಲ ಅಂದೆ. "ನನಗ ಸುಮ್ಮ ಸೀರಿ ಉಡಿಸಿದಿ ನೋಡು."

ಅಷ್ಟರಲ್ಲಿ ಅಧಿಕಾರಿಗಳು ಕೆಲವರನ್ನು ಒಳಗೆ ಕರೆದರು. ಎಲ್ಲರೂ ಅತ್ತೆಯನ್ನು ತೋರಿಸಿ, ಈ ಅಜ್ಜಿ, ಅವರ ಮಾತಲ್ಲಿ ಆಜಿ, ಬರಲೇಬೇಕೆಂದು ಹಟ ಹಿಡಿದರು. ಅತ್ತೆ ಒಪ್ಪಿಕೊಂಡದ್ದು ಬೇರೆ ಲೆಕ್ಕದಲ್ಲಿ. ಮೆಟ್ಟಿಲು ಹತ್ತುವಾಗ ನನ್ನ ಕಿವಿಯಲ್ಲಿ, "ನೀವು ಬೈಬ್ಯಾಡ್ರಿ. ನಾ ತಿಳಿಸಿ ಹೇಳ್ತೀನಿ. ಇವರು ಮ್ಯಾಲ ಅವಗ ಮುಟ್ಟಸ್ತಾರ, ಅಂವ ನಿಲ್ಲಸ್ತಾನ" ಅಂದರು.

ಅಧಿಕಾರಿ ಸಜ್ಜನರು. ಅತ್ತೆಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಅತ್ತೆ ಇಟ್ಟಿಗೆ ರಾಶಿಯಿಂದ ಶುರುಮಾಡಿ ಮಗನ ರೈಲ್ವೆ ನೌಕರಿಯವರೆಗೆ ಎಲ್ಲ ಹೇಳಿದರು. ಕೊನೆಗೆ ಕೈ ಮುಗಿದು, ಮುಖ್ಯಮಂತ್ರಿ ಸಾಹೇಬರಿಗೆ ಇದು ಗೊತ್ತಿಲ್ಲ, ದಯವಿಟ್ಟು ಅವರ ಕಿವಿಗೆ ಹಾಕಿ ಎಂದು ಬೇಡಿಕೊಂಡರು.

ಅಧಿಕಾರಿ ಮೆತ್ತಗೆ ಮರಾಠಿಯಲ್ಲಿ ಹೇಳಿದರು: "ಆಜಿ, ಸಾಹೇಬರಿಗೆ ಎಲ್ಲ ಗೊತ್ತಿದೆ. ಇದು ಅವರದೇ ನಿರ್ಣಯ. ಇದು ಬೇಕೆಂದು ನಾವು ಕೇಳಿರಲಿಲ್ಲ." ನಿಮ್ಮ ಮಾತನ್ನು ವರದಿಯಲ್ಲಿ ಬರೆದು ಕಳಿಸುತ್ತೇನೆ ಎಂದೂ ಸೇರಿಸಿದರು. ಅವರು ತರಿಸಿಟ್ಟ ನೀರನ್ನು ಅತ್ತೆ ಕುಡಿಯಲಿಲ್ಲ. ಕುರ್ಚಿ ಸರಿಸಿ ಎದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಹೊರಗೆ ನೋಡಲಿಲ್ಲ. ಸ್ವಾರ್‌ಗೇಟ್ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ನಾ ಓಟು ಹಾಕಿದ್ದಕ್ಕ ಸಾಲಿ ಮುಚ್ಚಾಕತ್ತಾರೇನ?"

ಚುನಾವಣೆ ಮುಗಿದಾಗಿನಿಂದ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ತಯಾರಿತ್ತು. ಮನೆಯಲ್ಲಿ ಊಟದ ಹೊತ್ತಿನ ಜಗಳದಲ್ಲಿ ಕೇಳಿದ್ದರೆ ತಕ್ಷಣ ಮುಂದಿಡುತ್ತಿದ್ದೆ. ಈಗ ಅವರು ನನ್ನಿಂದ ಅದನ್ನೇ ಕೇಳಲು ಕಾಯುತ್ತಿದ್ದರು, ನಾನು ಬೇರೆಯದನ್ನೇ ಹೇಳಿದೆ.

"ಇಲ್ಲತ್ತೆ. ನೀವು ಹಾಕಿದ್ದು ಶಾಲೆ ಮುಚ್ಚೋಕಲ್ಲ. ಅವರು ಮಾಡಿದ್ದಕ್ಕೆ ನೀವ್ಯಾಕೆ ನೊಂದ್ಕೋತೀರಿ?"

"ನನ್ನ ಮುಂದ ಸುಳ್ಳ ಹೇಳಬ್ಯಾಡ" ಎಂದು ನನ್ನ ಕೈ ಹಿಡಿದುಕೊಂಡರು. ಬುಟ್ಟಿ ಹೊತ್ತ ಕೈ, ಇನ್ನೂ ಒರಟಾಗಿಯೇ ಇದೆ. ಧನಕವಡಿ ಬರುವವರೆಗೂ ಬಿಡಲಿಲ್ಲ. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು, ಹಿಂದಿನವರು ಅವಸರ ಮಾಡುತ್ತಿದ್ದರೂ ಲೆಕ್ಕಿಸದೆ, ನನಗೆ ಹೇಳಿದರು:

"ಮತ್ಯಾವಾಗ ಕೂಡ್ತೀರಿ ಅಲ್ಲಿ? ನಾನೂ ಬರ್ತೀನಿ. ನೀವು ಕೇಳಿದ್ರ ವೈರಿಗಳು ಕೇಳ್ಯಾರ ಅಂತ ಅಂವ ಸುಮ್ಮ ಇರ್ತಾನ. ಓಟು ಹಾಕಿದಾಕಿ ನಾನು. ಕೇಳಾಕೀನೂ ನಾನ."