ಎಡಗಡೆಯ ನೆನಪು

ಆರು ತಿಂಗಳಿಂದ ನನ್ನ ಡೈರಿಯಲ್ಲಿ ಒಂದು ಸುಳ್ಳು ಸುಖವಾಗಿ ಕುಳಿತಿತ್ತು. ಮಿಡಿಗೇಶಿಯಿಂದ ಮಧುಗಿರಿಗೆ ಹೋಗುವ ರಸ್ತೆ ದಿನೇದಿನೇ ಕೆಡುತ್ತಿದೆ ಎಂದು ಏಳೆಂಟು ಕಡೆ ಬರೆದಿದ್ದೇನೆ. ಒಂದು ಪುಟದಲ್ಲಂತೂ ‘ಈ ರಸ್ತೆಗೆ ಹೇಳುವವರು ಕೇಳುವವರು ಇಲ್ಲ’ ಎಂದು ಆವೇಶವೇ ಬಂದಿದೆ. ರಸ್ತೆಯ ತಪ್ಪೇನೂ ಇರಲಿಲ್ಲ. ನಮ್ಮ ಟ್ರಕ್ಕಿನ ಮುಂದಿನ ಎರಡು ಶಾಕ್ ಅಬ್ಸಾರ್ಬರುಗಳು ಸತ್ತಿದ್ದವು.

‘ನಮ್ಮ’ ಎಂದೆ. ಟ್ರಕ್ಕು ನನ್ನ ಅಕ್ಕ ಗಂಗಕ್ಕನದು. ಊರೂರಿನ ಕುರಿಗಳನ್ನು ಆ ಪುಟ್ಟ ಗಾಡಿಗೆ ತುಂಬಿಕೊಂಡು ಸಿರಾ ಸಂತೆಗೆ ಮುಟ್ಟಿಸುವುದು ಅವಳ ಕಸುಬು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನು. ರಜೆಯ ದಿನ ಅವಳ ಪಕ್ಕ ಕುಳಿತು ಮೈ ಕುಲುಕಿಸಿಕೊಳ್ಳುತ್ತೇನೆ. ಒಂದು ಭಾನುವಾರ ನಾನು ರಸ್ತೆಯನ್ನು ಬೈಯುತ್ತಿದ್ದಾಗ ಅಕ್ಕ ಗಾಡಿ ನಿಲ್ಲಿಸಿ ಇಳಿದಳು. ಮುಂದಿನ ಮಡ್‌ಗಾರ್ಡನ್ನು ಭಾರ ಹಾಕಿ ಒತ್ತಿ ಬಿಟ್ಟಳು. ಗಾಡಿ ತೊಟ್ಟಿಲಿನಂತೆ ತೂಗತೊಡಗಿತು.

“ಒಂದ್ಸಲ ಎದ್ದು ಸುಮ್ಕಾಗ್ಬೇಕು ಕಣ್ಲಾ ಇದು. ತೂಗ್ತಾನೇ ಐತೆ ನೋಡು. ರೋಡೇನ್ ಮಾಡೀತು, ಪಾಪ!”

ಬದಲಾಯಿಸುವುದಾದರೆ ಎರಡನ್ನೂ ಬದಲಾಯಿಸಬೇಕಂತೆ. ಒಂದು ಹೊಸದು ಒಂದು ಹಳೆಯದಾದರೆ ಗಾಡಿ ಕುಂಟುತ್ತದೆ. ಬೋಲ್ಟು ಬಿಚ್ಚಿ ಬೋಲ್ಟು ಹಾಕುವ ಕೆಲಸ, ಮನೆಯ ಮುಂದೆಯೇ ಆಗುತ್ತದೆ ಎಂದಳು. ಮೆಕ್ಯಾನಿಕ್ಕಿನಿಂದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡೊಂದನ್ನು ಕಡ ತಂದಳು. ಜಾಕಿ ಇರುವುದು ಎತ್ತುವುದಕ್ಕೆ, ಹೊರುವುದು ಸ್ಟ್ಯಾಂಡಿನ ಕೆಲಸ. ಕಲ್ಲಿಗೇನು ನಮ್ಮಲ್ಲಿ ಬರವೇ, ನಾಲ್ಕು ಸೈಜುಗಲ್ಲು ಪೇರಿಸಿದರೆ ಸಾಲದೇ ಎಂದು ನಾನು ಕೇಳಿದೆ. ಎದುರಿನ ಬೆಟ್ಟದ ಕೋಟೆಯನ್ನೂ ಸಾಕ್ಷಿಗೆ ತೋರಿಸಿದೆ.

“ಕಲ್ಲು ಒಡ್ಯೋಕೆ ಮುಂಚೆ ಹೇಳಿ ಒಡ್ಯಲ್ಲ. ಕೋಟೆ ಕೆಳ್ಗೆ ಬೇಕಾದ್ರೆ ನೀನ್ ಮಲಿಕ್ಕೊ.”

ಕಲ್ಲುಗಳು ಹಿಂದಿನ ಚಕ್ರಗಳಿಗೆ ಅಡ್ಡ ಕೊಡುವ ಚಾಕರಿಗೆ ಹೋದವು. ಗಾಡಿಯ ಕೀಲಿ ಅಕ್ಕನ ಸೊಂಟ ಸೇರಿತು. ಅಡಿಯಲ್ಲಿ ಮಲಗುವವರ ಹತ್ತಿರವೇ ಕೀಲಿ ಇರಬೇಕು ಎಂಬುದು ಅವಳ ಕಾನೂನು. ಜಾಕಿ ಎತ್ತುವುದು, ಸ್ಟ್ಯಾಂಡ್ ಇಡುವುದು, ಬಿಚ್ಚಿದ ಚಕ್ರವನ್ನೂ ಎಚ್ಚರಿಕೆಗೆಂದು ಗಾಡಿಯ ಅಡಿಗೆ ತಳ್ಳಿಡುವುದು ನನ್ನ ಪಾಲು. ಎಡಗಡೆ ಸುಸೂತ್ರವಾಗಿ ಮುಗಿಯಿತು. ಎಣ್ಣೆ ಸೋರಿ ಕಪ್ಪಾದ ಹಳೆಯ ಶಾಕ್ ಹೊರಬಂತು, ಹೊಸದು ಕೂತಿತು, ಚಕ್ರ ನೆಲಕ್ಕಿಳಿದ ಮೇಲೆ ಬೋಲ್ಟುಗಳು ಪೂರ್ತಿ ಬಿಗಿಯಾದವು. ಮಜ್ಜಿಗೆ ಕುಡಿದು ಬಲಗಡೆಗೆ ಬಂದೆವು. ನಾನು ಜಾಕಿ ಎತ್ತಿದೆ, ಚಕ್ರ ಬಿಚ್ಚಿದೆ, ಅಡಿಗೆ ತಳ್ಳಿದೆ. ಅಕ್ಕ ಪಾನಾ ಹಿಡಿದು ಬಂದಳು.

“ಸ್ಟ್ಯಾಂಡ್ ಇಟ್ಟಿದ್ದೀಯೇನ್ಲಾ?”

“ಇಟ್ಟಿದ್ದೀನಿ ಅಕ್ಕ.”

“ಮುಟ್ಟಿ ಹೇಳು.”

ಈ ಮಾತು ನಮ್ಮಪ್ಪನದು. ಸಂಜೆ ಮುಳ್ಳುಬೇಲಿಯ ರೊಪ್ಪಕ್ಕೆ ಕುರಿಗಳು ಒಂದೊಂದಾಗಿ ನುಗ್ಗುವಾಗ ಅಪ್ಪ ಪ್ರತಿಯೊಂದರ ಬೆನ್ನು ಮುಟ್ಟಿ ಎಣಿಸುತ್ತಿದ್ದ. ನಿನ್ನೆ ಎಲ್ಲವೂ ಇದ್ದವಲ್ಲ, ಎಲ್ಲಿ ಹೋಗುತ್ತವೆ ಎಂದರೆ, “ನಿನ್ನೆ ಎಣಿಕೆ ನಿನ್ನೆ ಕುರಿಗೆ” ಅನ್ನುತ್ತಿದ್ದ. ಅಪ್ಪ ಹೀಗೇ ಹೇಳುತ್ತಿದ್ದನೋ, ಹೇಳಬೇಕಿತ್ತೆಂದು ನಾನು ಈಗ ಹೇಳಿಸುತ್ತಿದ್ದೇನೋ, ಆಣೆ ಮಾಡಲಾರೆ. ಬೆನ್ನು ಮುಟ್ಟುತ್ತಿದ್ದುದಂತೂ ನಿಜ.

ನನಗೆ ಅವಮಾನವಾಯಿತು. ಕಾಲೇಜಿನ ಮೇಷ್ಟ್ರು ಇಟ್ಟಿದ್ದೇನೆ ಎಂದರೆ ಇಟ್ಟಂತೆ. ಅಲ್ಲದೆ ಎಲ್ಲ ಸ್ಪಷ್ಟವಾಗಿ ನೆನಪಿತ್ತು: ತಣ್ಣನೆಯ ಕಬ್ಬಿಣ, ಅಂಗೈಗೆ ಹತ್ತಿದ ತುಕ್ಕು, ಒಂದು ಕಾಲಿನ ಮೇಲೆ ಹತ್ತುತ್ತಿದ್ದ ಕಟ್ಟಿರುವೆ. “ಇಟ್ಟಿದ್ದೀನಿ ಅಂದ್ನಲ್ಲ!” ಎಂದೆ.

ಅಕ್ಕ ಕೈಚಾಚಿದಷ್ಟು ದೂರ ನಿಂತು, ಮಡ್‌ಗಾರ್ಡನ್ನು ಒಮ್ಮೆ ಅಂಗೈಯಿಂದ ನೂಕಿದಳು. ಜಾಕಿ ಓರೆಯಾಯಿತು. ಗಾಡಿ ದಡಾರನೆ ಕುಸಿದು, ಅಡಿಗೆ ತಳ್ಳಿದ್ದ ಚಕ್ರದ ಮೇಲೆ ಕೂತಿತು. ಕೋಳಿಗಳು ದಿಕ್ಕಾಪಾಲಾದವು. ಅಕ್ಕ ಮಲಗಬೇಕಿದ್ದ ಜಾಗದಲ್ಲಿ ಧೂಳು ಏಳುತ್ತಿತ್ತು. ಅದು ಇಳಿದ ಮೇಲೆ ಅಕ್ಕ ಕಟ್ಟೆಯ ಮೇಲೆ ಕೂತಳು.

“ಎಲ್ಲೈತೆ ಹೋಗಿ ನೋಡು, ನಿನ್ ಸ್ಟ್ಯಾಂಡು.”

ಎಡಗಡೆಯ ಚಕ್ರದ ಪಕ್ಕದಲ್ಲಿತ್ತು. ಅದರ ತಲೆಯ ಮೇಲೆ ನಾನು ಕುಡಿದಿಟ್ಟ ಮಜ್ಜಿಗೆ ಲೋಟ.

ಒಂದೇ ಮೂಲದ ಮಾತನ್ನು ನಂಬಬೇಡಿ, ಕಣ್ಣಾರೆ ಕಂಡವನನ್ನೂ ಪರೀಕ್ಷಿಸಿ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ನಾನು ಆ ದಿನ ಸುಳ್ಳು ಹೇಳಲಿಲ್ಲ. ನನ್ನನ್ನು ಕಾಡುವುದು ಅದೇ. ಸುಳ್ಳು ಹೇಳುವಾಗ ದನಿಯಾದರೂ ಸ್ವಲ್ಪ ನಡುಗುತ್ತದೆ. ಎಡಗಡೆಯ ನೆನಪು ಇರುವೆಸಮೇತ ಎದ್ದು ಬಂದು ಬಲಗಡೆ ಕೂತಾಗ ಏನೂ ನಡುಗಲಿಲ್ಲ. ಅಷ್ಟು ಗಟ್ಟಿಯಾದ ನೆನಪಿನ ಅಡಿಯಲ್ಲಿ ನನ್ನ ಅಕ್ಕ ಮಲಗಬೇಕಾಗಿತ್ತು.

ಮತ್ತೆ ಎತ್ತಿದೆವು. ಈ ಸಲ ಸ್ಟ್ಯಾಂಡ್ ಇಟ್ಟು, ಮುಟ್ಟಿ, “ಮುಟ್ಟಿದ್ದೀನಿ” ಎಂದೆ. ಅಕ್ಕ ಇನ್ನೊಮ್ಮೆ ಗಾಡಿಯನ್ನು ನೂಕಿ ನೋಡಿಯೇ ಅಡಿಗೆ ಹೋದಳು. ನಾನು ಸ್ಟ್ಯಾಂಡಿನ ಮೇಲಿಂದ ಕೈ ತೆಗೆಯಲಿಲ್ಲ.

“ಕೈ ಬುಡ್ಲಾ! ನೀನು ಹಿಡ್ಕಂಡಿದ್ದೀಯ ಅಂತ ನಿಂತಿಲ್ಲ ಅದು,” ಎಂದು ಅಡಿಯಿಂದ ದನಿ ಬಂತು. ಬದುಕಿರುವವರ ಬೈಗುಳ ಎಷ್ಟು ಚೆಂದ!

ಸಂಜೆ ಮಧುಗಿರಿಯ ಕಡೆ ಹೊರಟರೆ ರಸ್ತೆ ಒಂದೇ ದಿನದಲ್ಲಿ ಸುಧಾರಿಸಿಬಿಟ್ಟಿತ್ತು. ಡೈರಿಯ ಹಳೆಯ ಬೈಗುಳಗಳನ್ನು ಹೊಡೆದುಹಾಕಲು ಮನಸ್ಸಾಯಿತು, ಹಾಗೇ ಬಿಟ್ಟಿದ್ದೇನೆ. ಇದಿಷ್ಟನ್ನೂ ಅಕ್ಕನಿಗೆ ಓದಿ ಹೇಳಿದೆ. ಎಲ್ಲ ಸರಿ, ಕುಡಿದದ್ದು ಮಾತ್ರ ಮಜ್ಜಿಗೆಯಲ್ಲ, ಅಂಬಲಿ ಎಂದಳು. ಇರಬಹುದು.

ಕಡ ತಂದ ಸ್ಟ್ಯಾಂಡನ್ನು ಮರುದಿನವೇ ಮೆಕ್ಯಾನಿಕ್ಕಿಗೆ ಹಿಂದಿರುಗಿಸಿದೆ ಎಂದು ಬರೆದು ಮುಗಿಸಬೇಕೆಂದಿದ್ದೆ. ಅವನ ಅಂಗಡಿಯ ಬಾಗಿಲು, ಅವನು ಕೈ ಒರೆಸಿಕೊಂಡ ಬಟ್ಟೆ, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಯಾವುದಕ್ಕೂ ಇರಲಿ ಎಂದು ಪೆನ್ನು ಕೆಳಗಿಟ್ಟು ಕೊಟ್ಟಿಗೆಗೆ ಹೋಗಿ ಬಂದೆ.

ಸ್ಟ್ಯಾಂಡು ಇಲ್ಲೇ ಇದೆ. ಮುಟ್ಟಿ ಹೇಳುತ್ತಿದ್ದೇನೆ.